ಕಾಯಲಾರದ ಎಲೆಯ ಊರಿನಿಂದ

ಪ್ರೀತಿಯ ಗೆಳೆಯಾ,

ಶಿರಸಿಯಲ್ಲಿ ಈಗ ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಯುವ ಗಡಿಬಿಡಿ ಇರಬೇಕು. ಇಲ್ಲಿ, ಪಶ್ಚಿಮ ಬಂಗಾಳದ ಸಿಲಿಗುರಿಯಲ್ಲೂ ಮಳೆ ಹೊಳವಾಗಿಲ್ಲ. ಬ್ಯಾಂಕಿನ ವರ್ಗಾವಣೆಯ ಮೇಲೆ ಬಂದು ಎಂಟು ತಿಂಗಳಾಯಿತು. ಊರು ಹೇಗಿದೆ ಎಂಬ ನಿನ್ನ ಪ್ರಶ್ನೆಗೆ ಇಂದು ಉತ್ತರಿಸುತ್ತಿದ್ದೇನೆ.

ಇದು ಸಾಗಾಟದ ಊರು. ಖಾಲ್‌ಪಾಡಾದ ಸಗಟು ಪೇಟೆಯಲ್ಲಿ ಬೆಳಗಿನಿಂದಲೇ ಅಕ್ಕಿ, ಬೇಳೆ, ಉಪ್ಪಿನ ಮೂಟೆಗಳು ಲಾರಿ ಏರಿ ಸಿಕ್ಕಿಂ, ಡಾರ್ಜಿಲಿಂಗ್‌ಗಳತ್ತ ಘಟ್ಟ ಹತ್ತುತ್ತವೆ; ಬೆಟ್ಟದಿಂದ ಶುಂಠಿ, ದೊಡ್ಡ ಏಲಕ್ಕಿ ಇಳಿಯುತ್ತವೆ. ನೇಪಾಳ, ಬಾಂಗ್ಲಾದೇಶಗಳ ಗಡಿಗಳೆರಡೂ ಪಕ್ಕದಲ್ಲೇ ಇವೆ. 1947ರಲ್ಲಿ ದೇಶ ಒಡೆದಾಗ ಕೋಲ್ಕತ್ತದಿಂದ ಪೂರ್ವ ಬಂಗಾಳದ ಮೂಲಕ ಬರುತ್ತಿದ್ದ ರೈಲು ದಾರಿ ಕಡಿದುಹೋಯಿತು. 1950ರಲ್ಲಿ ಅಸ್ಸಾಮಿಗೆ ಹೊಸ ಹಳಿ ಹಾಕಿದಾಗ ಅದು ಗಡಿಗಳ ನಡುವಿನ ಈ ಇಕ್ಕಟ್ಟಿನ ನೆಲದ ಮೇಲೆಯೇ ಹಾದುಹೋಗಬೇಕಾಯಿತು. ಮನೆಮಠ ಕಳೆದುಕೊಂಡು ಗಡಿ ದಾಟಿ ಬಂದವರು ಇಲ್ಲಿ ಅಂಗಡಿ ಹೂಡಿದರು. 2011ರ ಜನಗಣತಿಯ ಹೊತ್ತಿಗೆ ಊರಿನ ಜನಸಂಖ್ಯೆ ಐದು ಲಕ್ಷ ದಾಟಿತ್ತು.

ನನ್ನ ಮನಸ್ಸನ್ನು ಕಾಡುತ್ತಿರುವುದು ಮಾತ್ರ ಚಹಾ. 1976ರಿಂದ ಇಲ್ಲಿ ಚಹಾ ಹರಾಜು ಕೇಂದ್ರವಿದೆ. ಹರಾಜು ಎಂದೊಡನೆ ನನಗೆ ನಿಮ್ಮ ಅಡಿಕೆಯ ಟೆಂಡರ್ ನೆನಪಾಯಿತು. ಆದರೆ ಎಷ್ಟು ಅಂತರ! ದರ ಸರಿಯಿಲ್ಲದಿದ್ದರೆ ನಿನ್ನ ಅಪ್ಪ ಒಣಗಿಸಿ ಸುಲಿದ ಚಾಲಿ ಅಡಿಕೆಯ ಚೀಲಗಳನ್ನು ಅಟ್ಟದಲ್ಲಿಟ್ಟು ಮುಂದಿನ ವರ್ಷದವರೆಗೂ ಕಾಯುತ್ತಿದ್ದರಲ್ಲ. ಇಲ್ಲಿ ಎರಡೆಕರೆ ಚಹಾ ಬೆಳೆದವನಿಗೆ ಒಂದು ರಾತ್ರಿ ಕಾಯುವುದಕ್ಕೂ ಆಗುವುದಿಲ್ಲ. ಕಿತ್ತ ಹಸಿರೆಲೆ ಅಂದೇ ಕಾರ್ಖಾನೆ ಮುಟ್ಟಬೇಕು. ಇಲ್ಲವಾದರೆ ರಾಶಿಯೊಳಗೇ ಬಿಸಿಯಾಗಿ ಕೆಂಪಗಾಗುತ್ತದೆ. ಹರಾಜಿಗೆ ಹೋಗುವುದು ಕಾರ್ಖಾನೆಯ ಪುಡಿ. ಎಲೆ ಬೆಳೆದವನ ದರ ಅದಕ್ಕೂ ಮೊದಲೇ, ತೂಕದ ಕಟ್ಟೆಯಲ್ಲಿ ತೀರ್ಮಾನವಾಗಿರುತ್ತದೆ.

ಸಾಲದ ಕಾಗದಕ್ಕಾಗಿ ಬಂದಿದ್ದ ಒಬ್ಬ ಬೆಳೆಗಾರರ ಎಲೆ ಮಾರಿದ ಚೀಟಿ ನೋಡಿದೆ. ಮಳೆಯಲ್ಲಿ ಎಲೆ ನೆಂದಿದೆ ಎಂದು ತೂಕದಲ್ಲಿ ಕಡಿತ. ಎಲ್ಲರ ತೋಟವೂ ಒಟ್ಟಿಗೇ ಚಿಗುರುವ ಕಾಲವಾದ್ದರಿಂದ ದರದಲ್ಲೂ ಇಳಿತ. "ಬೇಡವೆಂದು ವಾಪಸು ತಂದರೆ ಸುರಿಯುವುದೆಲ್ಲಿ?" ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಅಂದು ಸಂಜೆ ಚಹಾ ಗಂಟಲಲ್ಲಿ ಇಳಿಯಲಿಲ್ಲ, ಗೆಳೆಯಾ.

ಒಂದೇ ದಾರಿ ಕಾಣುತ್ತದೆ: ಎಲೆ ಕಾಯದಿದ್ದರೂ ಪುಡಿ ಕಾಯುತ್ತದೆ. ಬೆಳೆಗಾರರದೇ ಕಾರ್ಖಾನೆ ಇದ್ದರೆ ಹರಾಜಿನ ದರ ಅವರ ಕೈಗೇ ಬರುತ್ತದೆ. ಪಕ್ಕದ ಜಲಪಾಯಿಗುಡಿ ಜಿಲ್ಲೆಯಲ್ಲಿ ಸಣ್ಣ ಬೆಳೆಗಾರರು ಸಂಘ ಕಟ್ಟಿಕೊಂಡು ಈ ಕೆಲಸಕ್ಕೆ ಕೈಹಾಕಿದ್ದಾರೆ. ಬರುವ ಭಾನುವಾರ ಅಲ್ಲಿಗೆ ಹೋಗುತ್ತೇನೆ, ಚೀಟಿ ತೋರಿಸಿದ ಆ ಬೆಳೆಗಾರರೂ ಜೊತೆಗೆ ಬರುತ್ತಾರೆ.

ನಿಮ್ಮ ಅಡಿಕೆ ಸೊಸೈಟಿ ಸದಸ್ಯರಿಗೆ ಮುಂಗಡ ಕೊಡುವ ಕ್ರಮ, ಪಾಲುಬಂಡವಾಳದ ನಿಯಮ ಎಲ್ಲವನ್ನೂ ವಿವರವಾಗಿ ಬರೆದು ಕಳುಹಿಸು. ಹಿಂದಿಗೆ ನಾನೇ ಅನುವಾದಿಸಿಕೊಳ್ಳುತ್ತೇನೆ. ಶನಿವಾರದೊಳಗೆ ಬೇಕು.

ನಿನ್ನ ಗೆಳೆಯ