ಒಲ್ಲದವರನ್ನು ಎಳೆಯುವ ಮೊದಲು ಒಮ್ಮೆ ಕಾಲುವೆ ದಂಡೆಗೆ ಬನ್ನಿ

ಕೊಪ್ಪಳ ಲೋಕಸಭಾ ಕ್ಷೇತ್ರದ ಮಾನ್ಯ ಸಂಸದರಿಗೆ,

ನಮಸ್ಕಾರ ಸರ್.

ನಾನು ಕಾರಟಗಿ ತಾಲೂಕಿನವನು. 1996ರಲ್ಲಿ ಸೈನ್ಯ ಸೇರಿದೆ. 22 ವರ್ಷ ಮದ್ರಾಸ್ ರೆಜಿಮೆಂಟಿನಲ್ಲಿದ್ದು, 2018ರಲ್ಲಿ ನಾಯಕ್ ಆಗಿ ಪೆನ್ಷನ್ ಬಂದೆ. ಈಗ ಎರಡು ಎಕರೆ ಭತ್ತ ಮಾಡಿಕೊಂಡಿದ್ದೇನೆ. ಬೆಳಿಗ್ಗೆ ಐದು ಗಂಟೆಗೆ ಮಾತ್ರ ಇನ್ನೊಂದು ಕೆಲಸ ಇದೆ. ತುಂಗಭದ್ರಾ ಎಡದಂಡೆ ಕಾಲುವೆಯ ರಸ್ತೆಗೆ ನಮ್ಮೂರು, ಪಕ್ಕದೂರುಗಳ ಹುಡುಗರು ಬರುತ್ತಾರೆ. ಸೈನ್ಯಕ್ಕೆ ಸೇರಬೇಕು ಅನ್ನೋ ಹುಡುಗರು. ಅವರಿಗೆ ಓಟ ಹೇಳಿಕೊಡುತ್ತೇನೆ. ದುಡ್ಡು ತಗೊಳ್ಳೋದಿಲ್ಲ.

ಈ ಪತ್ರ ಬರೆಯೋಕೆ ಕಾರಣ ಒಂದು ಆಗಸ್ಟ್ 15ರ ಕಾರ್ಯಕ್ರಮ. ಶಾಲೆಯಲ್ಲಿ ಧ್ವಜ ಏರಿಸಿದ ಮೇಲೆ ಅತಿಥಿಯೊಬ್ಬರು ಭಾಷಣ ಮಾಡಿದರು. ಹುಡುಗರು ಮೊಬೈಲ್ ಹಿಡಿದು ಹಾಳಾಗಿದ್ದಾರೆ, ಕಡ್ಡಾಯ ಸೈನಿಕ ಸೇವೆ ಮತ್ತೆ ತರಬೇಕು, ಹದಿನೆಂಟು ತುಂಬಿದವರನ್ನೆಲ್ಲ ಎರಡು ವರ್ಷ ಬಾರ್ಡರಿಗೆ ಕಳಿಸಿದರೆ ತಾನೇ ಸರಿಹೋಗುತ್ತಾರೆ ಅಂದರು. ಚಪ್ಪಾಳೆಯೋ ಚಪ್ಪಾಳೆ. ಮೆಡಲ್ ಹಾಕಿಕೊಂಡು ವೇದಿಕೆ ಮೇಲೆ ಕೂತಿದ್ದ ನನ್ನ ಕಡೆ ಎಲ್ಲರೂ ನೋಡಿದರು. ನಾನು ಹೌದು ಅಂತ ತಲೆ ಆಡಿಸಲಿಲ್ಲ, ಇಲ್ಲ ಅಂತಲೂ ಹೇಳಲಿಲ್ಲ. ಅವತ್ತು ಬಾಯಿಗೆ ಬಾರದ ಮಾತನ್ನು ಇವತ್ತು ನಿಮಗೆ ಬರೆಯುತ್ತಿದ್ದೇನೆ. ಇಂಥ ಕಾನೂನು ಬರೋದಾದರೆ ಸಂಸತ್ತಿನಿಂದಲೇ ಬರಬೇಕು. ಅಲ್ಲಿ ನಮ್ಮ ಪರವಾಗಿ ಕೈ ಎತ್ತುವವರು ನೀವು.

ಮೊದಲು ಒಂದು ಮಾತು. "ಮತ್ತೆ ತರಬೇಕು" ಅನ್ನೋಕೆ ಅದು ನಮ್ಮಲ್ಲಿ ಇರಲೇ ಇಲ್ಲ. ಎರಡನೇ ಮಹಾಯುದ್ಧದಲ್ಲಿ ಸುಮಾರು 25 ಲಕ್ಷ ಭಾರತೀಯರು ಸೈನ್ಯದಲ್ಲಿದ್ದರು. ಅವರನ್ನೂ ಕಾನೂನಿನ ಕಡ್ಡಾಯದಿಂದ ಸೇರಿಸಿದ್ದಲ್ಲ. ಸ್ವಾತಂತ್ರ್ಯ ಬಂದ ಮೇಲೂ ಅಷ್ಟೇ, 1962, 65, 71, ಕಾರ್ಗಿಲ್, ಎಲ್ಲಾ ಯುದ್ಧಗಳನ್ನೂ ತಾವಾಗಿ ಬಂದವರೇ ಮಾಡಿದ್ದಾರೆ. ನಮ್ಮಲ್ಲಿ ಕಡ್ಡಾಯ ಆಗಿದ್ದು ಎನ್‌ಸಿಸಿ ಮಾತ್ರ. ಚೀನಾ ಯುದ್ಧದ ಮರುವರ್ಷ, 1963ರಲ್ಲಿ, ಕಾಲೇಜು ಹುಡುಗರಿಗೆ ಕಡ್ಡಾಯ ಮಾಡಿದರು. 1968ರಲ್ಲಿ ಸರ್ಕಾರವೇ ಅದನ್ನು ಕೈಬಿಟ್ಟು, ಇಷ್ಟ ಇದ್ದವರು ಸೇರಲಿ ಅಂದಿತು. 2018ರಲ್ಲಿ ರಕ್ಷಣಾ ವಿಷಯದ ಸಂಸದೀಯ ಸಮಿತಿ ಇನ್ನೊಂದು ಸಲಹೆ ಕೊಟ್ಟಿತ್ತು. ಗೆಜೆಟೆಡ್ ಹುದ್ದೆ ಬೇಕು ಅನ್ನೋರು ಐದು ವರ್ಷ ಸೈನ್ಯದಲ್ಲಿ ಇದ್ದು ಬರಲಿ ಅಂತ. ಅಧಿಕಾರಿ ಆಗೋರಿಗೆ ಹಾಕಿದ ಆ ಷರತ್ತಿಗೆ ಯಾವ ವೇದಿಕೆಯಲ್ಲೂ ಚಪ್ಪಾಳೆ ಬಿದ್ದಿದ್ದನ್ನು ನಾನು ನೋಡಿಲ್ಲ.

ಇನ್ನು ಲೆಕ್ಕ. ನಮ್ಮ ದೇಶದಲ್ಲಿ ಒಂದು ವರ್ಷಕ್ಕೆ ಹದಿನೆಂಟು ತುಂಬುವ ಗಂಡು ಹುಡುಗರೇ ಒಂದು ಕೋಟಿಗೂ ಜಾಸ್ತಿ. ಭೂಸೇನೆಯಲ್ಲಿ ಇರೋದು ಸುಮಾರು 12 ಲಕ್ಷ ಜನ. ಅಗ್ನಿಪಥ ಯೋಜನೆಯಲ್ಲಿ ನಾಲ್ಕು ವರ್ಷಕ್ಕೆ ಸೈನ್ಯ ಸೇರುವ ಅಗ್ನಿವೀರರಿಗೆ ಮೊದಲ ವರ್ಷ ಕೊಡುವ ಹಾಗೆ ತಿಂಗಳಿಗೆ 30,000 ಅಂತ ಹಿಡಿದರೂ, ಒಂದು ಕೋಟಿ ಹುಡುಗರ ಸಂಬಳವೇ ವರ್ಷಕ್ಕೆ 3.6 ಲಕ್ಷ ಕೋಟಿ ಆಗುತ್ತೆ. ಬೂಟು, ಬಟ್ಟೆ, ರೇಷನ್, ಬಂದೂಕು, ಮಲಗೋ ಜಾಗ ಬೇರೆ. 2025-26ರ ಇಡೀ ರಕ್ಷಣಾ ಬಜೆಟ್ 6.81 ಲಕ್ಷ ಕೋಟಿ. ಸ್ವೀಡನ್ 2010ರಲ್ಲಿ ಕಡ್ಡಾಯ ಸೇವೆ ನಿಲ್ಲಿಸಿ 2017ರಲ್ಲಿ ಮತ್ತೆ ತಂದಿತು ಅಂತ ಉದಾಹರಣೆ ಕೊಡುತ್ತಾರೆ. ಆ ದೇಶದ ಒಟ್ಟು ಜನಸಂಖ್ಯೆಯೇ ಒಂದು ಕೋಟಿ ಚಿಲ್ಲರೆ. ಅಲ್ಲೂ ಎಲ್ಲರನ್ನೂ ಕರೆಯೋದಿಲ್ಲ, ಪರೀಕ್ಷೆ ಮಾಡಿ ಕೆಲವು ಸಾವಿರ ಜನರನ್ನು ಆರಿಸುತ್ತಾರೆ.

ಇದು ದುಡ್ಡಿನ ಮಾತಾಯಿತು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣೋದು ಬೇರೆ.

ಕುಪ್ವಾರದ ಮೇಲಿನ ಒಂದು ಪೋಸ್ಟಿನಲ್ಲಿ ಚಳಿಗಾಲ ಕಳೆದಿದ್ದೆ. ರಾತ್ರಿ ಎರಡೆರಡು ಗಂಟೆ ಪಹರೆ. ನನ್ನ ಜೋಡಿ ಸೇಲಂ ಕಡೆಯ ಹುಡುಗ. ಮೊದಲ ಆರು ತಿಂಗಳು ಅವನ ಮಾತು ನನಗೆ ಅರ್ಧ ತಿಳಿಯುತ್ತಿತ್ತು, ನನ್ನದು ಅವನಿಗೆ ಅಷ್ಟೂ ಇಲ್ಲ. ಒಂದು ರಾತ್ರಿ ನನಗೆ ಜ್ವರ. ಅವನ ಪಹರೆ ಮುಗಿದು ನನ್ನ ಸರದಿ ಬಂತು. ನಾನು ಕಣ್ಣು ಬಿಟ್ಟಾಗ ಹೊತ್ತು ಮೀರಿತ್ತು. ಅವನು ನನ್ನನ್ನು ಎಬ್ಬಿಸದೆ ಇನ್ನೂ ಅರ್ಧ ಗಂಟೆ ಆ ಹಿಮದಲ್ಲಿ ನಿಂತಿದ್ದ. ಕೈಗವಸಿನ ಮೇಲೆ ಹಿಮ ಗಟ್ಟಿಯಾಗಿತ್ತು. ಯಾಕೋ ಎಬ್ಬಿಸಲಿಲ್ಲ ಅಂದರೆ, ನಗಾಡಿ ಬಂದೂಕು ಕೆಳಗಿಳಿಸಿದ, ಅಷ್ಟೇ.

ಎರಡು ಗಂಟೆ ನಿಲ್ಲು ಅಂತ ಕಾನೂನು ಹೇಳಬಹುದು ಸರ್. ಆ ಅರ್ಧ ಗಂಟೆಯನ್ನು ಯಾವ ಕಾನೂನಿನಿಂದಲೂ ತರೋಕಾಗೋದಿಲ್ಲ. ನಾವು ಪೋಸ್ಟಿನಲ್ಲಿ ಕಣ್ಣು ಮುಚ್ಚಿ ನಿದ್ದೆ ಮಾಡುತ್ತಿದ್ದದ್ದು ಆ ಅರ್ಧ ಗಂಟೆಯ ನಂಬಿಕೆ ಮೇಲೆ. ಕಡ್ಡಾಯವಾಗಿ ಬಂದವರೆಲ್ಲ ಹೇಡಿಗಳು ಅಂತ ನಾನು ಹೇಳ್ತಿಲ್ಲ. ಇಸ್ರೇಲ್, ದಕ್ಷಿಣ ಕೊರಿಯಾದಲ್ಲಿ ಕಡ್ಡಾಯ ಇದೆ. ಅವು ಸಣ್ಣ ದೇಶಗಳು, ಪಕ್ಕದಲ್ಲೇ ಅಪಾಯ, ಮನೆಗೊಬ್ಬ ಬರದಿದ್ದರೆ ಸೈನ್ಯವೇ ಆಗೋದಿಲ್ಲ. ನಮಗೆ ಅಂಥ ಗತಿ ಬಂದಿಲ್ಲ. ಬರುತ್ತೇನೆ ಅನ್ನೋರೇ ನಮ್ಮಲ್ಲಿ ಬೇಕಾದ್ದಕ್ಕಿಂತ ಹತ್ತು ಪಟ್ಟು ಸಾಲು ನಿಂತಿದ್ದಾರೆ. ಹಾಗಿರುವಾಗ ಒಲ್ಲದವನನ್ನು ಯಾಕೆ ಎಳೆಯಬೇಕು? ಒಲ್ಲದ ಗಂಡನಿಗೆ ಮೊಸರಲ್ಲಿ ಕಲ್ಲು ಅಂತಾರಲ್ಲ, ಅವನು ಪೋಸ್ಟಿನಲ್ಲಿ ಕಲ್ಲು ಹುಡುಕುತ್ತಲೇ ಇರುತ್ತಾನೆ. ಅವನ ಪಕ್ಕ ಮಲಗಿದವನ ಕತೆ ಏನು?

ಇನ್ನೊಂದು ಮಾತಿಗೆ ಮಾತ್ರ ನನ್ನ ಮನಸ್ಸೂ ಅಲ್ಲಾಡುತ್ತೆ. ಕಡ್ಡಾಯ ಸೇವೆ ಬಂದರೆ ಜಾತಿ ಹೋಗುತ್ತೆ, ಎಲ್ಲರೂ ಒಂದೇ ಕಡೆ ಉಣ್ಣುತ್ತಾರೆ ಅನ್ನೋ ಮಾತು. ಇದು ಸುಳ್ಳಲ್ಲ. ಸೈನ್ಯದ ಅಡುಗೆಮನೆಗೆ ನಾವು ಲಂಗರ್ ಅಂತೀವಿ. ಲಂಗರ್‌ನಲ್ಲಿ ತಟ್ಟೆ, ಮಗ್ಗು ಹಿಡಿದು ಸಾಲಿನಲ್ಲಿ ನಿಂತರೆ ಮುಂದೆ ಯಾರು, ಹಿಂದೆ ಯಾರು ಅಂತ ಯಾರೂ ಕೇಳುತ್ತಿರಲಿಲ್ಲ. ಬಡಾ ಖಾನಾ ಅನ್ನೋ ಸಾಮೂಹಿಕ ಊಟದ ದಿನ ಸಾಹೇಬರೂ ನಮ್ಮ ಜೊತೆಗೇ ಕೂತು ಉಣ್ಣುತ್ತಿದ್ದರು. ಮೊದಲ ಸಲ ರಜೆಗೆ ಬಂದಾಗ ಊರ ಹೋಟೆಲ್ ಹೊರಗೆ ನನ್ನ ಕ್ಲಾಸ್‌ಮೇಟ್ ಒಬ್ಬ ನಿಂತುಕೊಂಡೇ ಬೇರೆ ಲೋಟದಲ್ಲಿ ಚಹಾ ಕುಡಿಯುತ್ತಿದ್ದ. ಒಂಬತ್ತು ವರ್ಷ ಒಟ್ಟಿಗೆ ಓದಿದ್ದೆವು. ಸೈನ್ಯಕ್ಕೆ ಹೋಗೋ ಮುಂಚೆ ನನಗೆ ಅದು ಕಣ್ಣಿಗೇ ಬಿದ್ದಿರಲಿಲ್ಲ. ಅವತ್ತು ಬಿತ್ತು. 2021ರಲ್ಲಿ ನಮ್ಮದೇ ಜಿಲ್ಲೆಯ ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ ಪುಟ್ಟ ದಲಿತ ಮಗುವೊಂದು ಗುಡಿಯೊಳಗೆ ಓಡಿತು ಅಂತ ಶುದ್ಧಿಗೆ ದುಡ್ಡು ಕಟ್ಟಿ ಅಂದಿದ್ದರಲ್ಲ, ಆ ಸುದ್ದಿ ಓದಿದ ದಿನ ನನಗೂ ಅನ್ನಿಸಿತ್ತು, ಊರಿಗೆ ಊರನ್ನೇ ಒಂದು ವರ್ಷ ಲಂಗರ್ ಸಾಲಿನಲ್ಲಿ ನಿಲ್ಲಿಸಬೇಕು ಅಂತ.

ಆದರೆ ಆಮೇಲೆ ಯೋಚನೆ ಮಾಡಿದೆ. ಕಡ್ಡಾಯ ಅಂತ ಬಂದರೂ ಆ ಸಾಲಿಗೆ ನಿಜವಾಗಿ ಬಂದು ನಿಲ್ಲೋರು ಯಾರು? ಸಂವಿಧಾನದ 23ನೇ ವಿಧಿ ಸಾರ್ವಜನಿಕ ಕೆಲಸಕ್ಕೆ ಕಡ್ಡಾಯ ಸೇವೆ ಹೇರೋಕೆ ಸರ್ಕಾರಕ್ಕೆ ಅವಕಾಶ ಕೊಡುತ್ತೆ. ಧರ್ಮ, ಜಾತಿ, ವರ್ಗ ನೋಡಿ ಭೇದ ಮಾಡಬಾರದು ಅಂತಲೂ ಹೇಳುತ್ತೆ. ಬರೆದದ್ದು ಸರಿಯಾಗೇ ಇದೆ. ಅಮೆರಿಕ ವಿಯೆಟ್ನಾಂ ಯುದ್ಧಕ್ಕೆ ಹುಡುಗರನ್ನು ಕಡ್ಡಾಯವಾಗಿ ಕರೆದಾಗ, ಕಾಲೇಜಿನಲ್ಲಿ ಓದುತ್ತಿದ್ದವರು ಓದಿನ ಹೆಸರಿನಲ್ಲಿ ಮುಂದೂಡಿಸಿಕೊಳ್ಳಬಹುದಿತ್ತು. ಕಾಲೇಜಿಗೆ ಹೋಗೋ ಶಕ್ತಿ ಇಲ್ಲದವರು ಜಾಸ್ತಿ ಸಿಕ್ಕಿಬಿದ್ದರು. 1973ರಲ್ಲಿ ಅವರೂ ಅದನ್ನು ನಿಲ್ಲಿಸಿದರು. ನಮ್ಮಲ್ಲಿ ಹಾಗಾಗೋದಿಲ್ಲ ಅಂತ ಎದೆ ಮುಟ್ಟಿಕೊಂಡು ಹೇಳೋಕಾಗುತ್ತಾ? ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವವನಿಗೆ ಒಂದು ಸರ್ಟಿಫಿಕೇಟ್ ಸಿಗುತ್ತೆ. ಗುಳೆ ಹೋದ ಮನೆಯ ಹುಡುಗನಿಗೆ ಸಿಗೋದು ನೋಟಿಸ್.

ಈಗ ಕಾಲುವೆ ದಂಡೆಗೆ ಬರುತ್ತೇನೆ. ಅಲ್ಲಿಗೆ ಬರುವವರು ಮೂವತ್ತೊಂದು ಹುಡುಗರು. ಒಬ್ಬ ಗೌಂಡಿ ಕೆಲಸಕ್ಕೆ ಹೋಗುತ್ತಾನೆ. ಇಬ್ಬರು ಅಣ್ಣತಮ್ಮಂದಿರಿಗೆ ಒಂದೇ ಜೊತೆ ಬೂಟು. ಅಣ್ಣ 1.6 ಕಿಲೋಮೀಟರ್ ಓಡಿ ಬಂದು, ಏದುಸಿರಲ್ಲೇ ಬಿಚ್ಚಿ ತಮ್ಮನಿಗೆ ಕೊಡುತ್ತಾನೆ. ತಮ್ಮನ ಪಾದ ಸಣ್ಣದು, ಮುಂದೆ ಬಟ್ಟೆ ತುರುಕಿಕೊಂಡು ಓಡುತ್ತಾನೆ. ಭರ್ತಿಯಲ್ಲಿ ಇಷ್ಟು ದೂರ ಐದೂವರೆ ನಿಮಿಷದೊಳಗೆ ಮುಗಿಸಿದರೆ ಪೂರ್ತಿ ಅಂಕ. ಡಾಂಬರು ಕಿತ್ತುಹೋದ ಆ ರಸ್ತೆಯಲ್ಲಿ, ಭತ್ತದ ಟ್ರ್ಯಾಕ್ಟರ್ ಬಂದರೆ ಪಕ್ಕಕ್ಕೆ ಸರಿದು, ತಮ್ಮ 5 ನಿಮಿಷ 41 ಸೆಕೆಂಡಿಗೆ ಬಂದಿದ್ದಾನೆ.

ಇನ್ನೊಬ್ಬ ಹುಡುಗ ಇದ್ದಾನೆ. ಓಟದಲ್ಲಿ ಎಲ್ಲರಿಗಿಂತ ಮುಂದೆ. ಅವನ ಎತ್ತರ 165 ಸೆಂಟಿಮೀಟರ್. ನಮ್ಮ ಭಾಗದವರಿಗೆ ಜನರಲ್ ಡ್ಯೂಟಿಗೆ, ಅಂದರೆ ಸಾಮಾನ್ಯ ಸೈನಿಕನ ಹುದ್ದೆಗೆ, 166 ಬೇಕು. ನಮ್ಮ ಮನೆ ಗೋಡೆಗೆ ಟೇಪಿನಿಂದ ಅಳೆದು ಪೆನ್ಸಿಲ್ ಗೆರೆ ಹಾಕಿದ್ದೇನೆ. ದಿನಾ ಬೇವಿನ ಕೊಂಬೆಗೆ ಜೋತುಬಿದ್ದು, ಆಮೇಲೆ ಬಂದು ಗೋಡೆಗೆ ಬೆನ್ನು ಹಚ್ಚಿ ನಿಲ್ಲುತ್ತಾನೆ. "ಕಾಕಾ, ನೋಡ್ರಿ, ಇವತ್ತು ಏರೇನೇನ್ರಿ?" ಅಂತ ಕೇಳುತ್ತಾನೆ. ಏನು ಹೇಳಲಿ? 2021ರ ಡಿಸೆಂಬರಿನಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಕೊಡೋಕೆ ಶುರು ಮಾಡಿದಾಗ ಮೊದಲು ಆರಿಸಿದ್ದು ನಮ್ಮ ಕಲ್ಯಾಣ ಕರ್ನಾಟಕದ ಜಿಲ್ಲೆಗಳನ್ನು, ಜೊತೆಗೆ ವಿಜಯಪುರವನ್ನು. ಇಲ್ಲಿನ ಮಕ್ಕಳಲ್ಲಿ ಅಪೌಷ್ಟಿಕತೆ ಜಾಸ್ತಿ ಅನ್ನೋದೇ ಕಾರಣ. ಆ ಮೊಟ್ಟೆ ಬರುವಷ್ಟರಲ್ಲಿ ಈ ಹುಡುಗ ಬಿಸಿಯೂಟದ ವಯಸ್ಸು ದಾಟಿ ಹೋಗುವುದರಲ್ಲಿದ್ದ. ಆ ಒಂದು ಸೆಂಟಿಮೀಟರ್ ಬೇವಿನ ಮರದಲ್ಲಿ ಸಿಗೋದಿಲ್ಲ ಅಂತ ನನಗೆ ಗೊತ್ತು. ಅವನಿಗೆ ಹೇಳೋ ಧೈರ್ಯ ಬಂದಿಲ್ಲ.

ನನ್ನ ಅಣ್ಣನ ಮಗನದು ಬೇರೆ ಕತೆ. ಎತ್ತರ ಇತ್ತು, ಓಟ ಇತ್ತು, ವಯಸ್ಸು ಕಾಯಲಿಲ್ಲ. ಕೊರೋನಾದಿಂದ 2020ರಿಂದ ಎರಡು ವರ್ಷ ಭರ್ತಿ ನಿಂತುಹೋಯಿತು. 2022ರ ಜೂನಿನಲ್ಲಿ ಅಗ್ನಿಪಥ ಬಂತು, ಆ ಒಂದು ವರ್ಷಕ್ಕೆ ಮಾತ್ರ ವಯಸ್ಸನ್ನು 21ರಿಂದ 23ಕ್ಕೆ ಏರಿಸಿದರು. ಅವನಿಗೆ ಸಿಕ್ಕಿದ್ದು ಅದೊಂದೇ ಸಲ. ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಈಗ ರೈಸ್ ಮಿಲ್‌ನಲ್ಲಿ ಹಮಾಲಿ. ಭತ್ತದ ಚೀಲ ಹೊರುತ್ತಾನೆ. ಇವತ್ತಿಗೂ ಬೆಳಿಗ್ಗೆ ಐದಕ್ಕೆ ಎದ್ದು ಬಂದು ಹುಡುಗರ ಜೊತೆ ಒಂದು ಸುತ್ತು ಓಡಿಯೇ ಕೆಲಸಕ್ಕೆ ಹೋಗುತ್ತಾನೆ.

ಇವರಲ್ಲಿ ಯಾರನ್ನು ಕಡ್ಡಾಯ ಮಾಡಬೇಕು, ಹೇಳಿ ಸರ್.

ಸೇರಿದವರ ಬಗ್ಗೆಯೂ ಒಂದು ಮಾತು. ಅಗ್ನಿವೀರರಿಗೆ ನಾಲ್ಕು ವರ್ಷ. ಅದು ಮುಗಿದ ಮೇಲೆ ನೂರಕ್ಕೆ 25 ಜನ ಉಳಿಯುತ್ತಾರೆ, 75 ಜನ ಸುಮಾರು 11.71 ಲಕ್ಷ ಸೇವಾ ನಿಧಿ ತಗೊಂಡು ಮನೆಗೆ ಬರುತ್ತಾರೆ. ಪೆನ್ಷನ್ ಇಲ್ಲ. 2022ರ ಕೊನೆಗೆ ಸೇರಿದ ಮೊದಲ ತಂಡಕ್ಕೆ ನಾಲ್ಕು ವರ್ಷ ತುಂಬೋದು 2026ರ ಕೊನೆಗೆ. ನನ್ನ ಪೆನ್ಷನ್ ಇದೆ ಅಂತಲೇ ನನ್ನ ಮಗಳು ನರ್ಸಿಂಗ್ ಓದುತ್ತಿದ್ದಾಳೆ, ನಾನು ಬೆಳಿಗ್ಗೆ ಪುಕ್ಕಟೆ ಓಟ ಕಲಿಸುತ್ತಿದ್ದೇನೆ. ಇಪ್ಪತ್ತೆರಡು, ಇಪ್ಪತ್ಮೂರಕ್ಕೆ ಊರಿಗೆ ಬರುವ ಹುಡುಗರಿಗೆ ಏನಿದೆ? ಕೇಂದ್ರದ ಪಡೆಗಳಲ್ಲಿ ಮೀಸಲಾತಿ ಹೇಳಿದ್ದಾರೆ, ಒಳ್ಳೆಯದೇ. ಆದರೆ ಬರುವ 75 ಜನರಲ್ಲಿ ಎಷ್ಟು ಜನರಿಗೆ ಅದು ಸಾಕಾಗುತ್ತೆ? ರಾಜ್ಯದ ಪೊಲೀಸ್, ಅರಣ್ಯ, ಅಗ್ನಿಶಾಮಕ ಇಲಾಖೆಗಳಲ್ಲಿ ನಮ್ಮ ಹುಡುಗರಿಗೆ ದಾರಿ ಮಾಡಿಕೊಡಿ ಅಂತ ಮುಖ್ಯಮಂತ್ರಿಗಳ ಹತ್ತಿರ ನೀವೇ ಕೂತು ಮಾತಾಡಬೇಕು. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ನಮಗೆ ಇರೋದೇ ಇಂಥ ಕಡೆ ಕೈ ಹಿಡಿಯಲಿ ಅಂತ ಅಲ್ವಾ?

ನಿಮ್ಮ ಕ್ಷೇತ್ರ ಮೂರು ಜಿಲ್ಲೆಗೆ ಹರಡಿದೆ. ಕೊಪ್ಪಳದ ಜೊತೆ ರಾಯಚೂರಿನ ಸಿಂಧನೂರು, ಮಸ್ಕಿ, ಬಳ್ಳಾರಿಯ ಸಿರುಗುಪ್ಪ. ಎಲ್ಲಾ ಕಡೆಯೂ ಇಂಥ ಹುಡುಗರಿದ್ದಾರೆ. ಅವರಿಗೆ ದೊಡ್ಡ ಸ್ಟೇಡಿಯಂ ಬೇಡ. ಹೋಬಳಿಗೊಂದು 400 ಮೀಟರಿನ ಮಣ್ಣಿನ ಟ್ರ್ಯಾಕ್, ಒಂದು ಪುಲ್‌ಅಪ್ ಕಂಬಿ, ಹಾರಿ ದಾಟೋಕೆ ಒಂಬತ್ತು ಅಡಿಯ ಗುಂಡಿ ಸಾಕು. 2023ರಿಂದ ಓಟಕ್ಕೂ ಮುಂಚೆ ಕಂಪ್ಯೂಟರಿನಲ್ಲಿ ಪರೀಕ್ಷೆ ಬರೆಯಬೇಕು. ಮೌಸ್ ಮುಟ್ಟದ ಹುಡುಗ ಅಲ್ಲೇ ಬಿದ್ದುಹೋಗುತ್ತಾನೆ. ಸಂಜೆ ಎರಡು ಗಂಟೆ ಗ್ರಂಥಾಲಯದ ಕಂಪ್ಯೂಟರ್ ಇವರಿಗೆ ಬಿಟ್ಟುಕೊಟ್ಟರೆ ಆಯಿತು. ಶಿಸ್ತು ಬೇಕು ಅನ್ನೋರ ಆಸೆಗೂ ಒಂದು ದಾರಿ ಇದೆ. ಸರ್ಕಾರಿ ಹೈಸ್ಕೂಲುಗಳಿಗೆ ಎನ್‌ಸಿಸಿ ತನ್ನಿ, ಹುಡುಗಿಯರಿಗೂ ಸೇರಿಸಿ. ಕಡ್ಡಾಯ ಬೇಡ, ಬಾಗಿಲು ತೆರೆದಿಡಿ. ಕ್ಯಾಂಪಿನಲ್ಲಿ ಎಲ್ಲಾ ಓಣಿಯ ಮಕ್ಕಳೂ ಒಟ್ಟಿಗೆ ಕೂತು ಉಣ್ಣಲಿ. ನಾನು ಇಪ್ಪತ್ತಕ್ಕೆ ಲಂಗರ್‌ನಲ್ಲಿ ಕಲಿತಿದ್ದನ್ನು ಅವರು ಹದಿಮೂರಕ್ಕೇ ಕಲಿಯುತ್ತಾರೆ.

ಒಂದು ದಿನ ಬೆಳಿಗ್ಗೆ ಬನ್ನಿ ಸರ್. ಹಾರ, ಶಾಲು ಏನೂ ಬೇಡ. ಕಾಲುವೆಗೆ ನೀರು ಬಿಟ್ಟ ಮೇಲೆ ಮಂಜು ಬೀಳುತ್ತೆ, ಆರರವರೆಗೆ ಹುಡುಗರು ಕಾಣಿಸೋದಿಲ್ಲ, ಹೆಜ್ಜೆ ಸದ್ದು ಮಾತ್ರ ಕೇಳುತ್ತೆ. ಸ್ಟಾಪ್‌ವಾಚ್ ನಿಮ್ಮ ಕೈಗೆ ಕೊಡುತ್ತೇನೆ. ಅಣ್ಣ ಓಡಿ ಬಂದು ಬೂಟು ಬಿಚ್ಚಿ ತಮ್ಮನಿಗೆ ಕೊಡುವವರೆಗೂ ನಿಂತಿರಿ. ಆಮೇಲೆ ನಮ್ಮ ಮನೆಯಲ್ಲಿ ರೊಟ್ಟಿ ಉಂಡು ಹೋಗುವಿರಂತೆ.

ಇತಿ ನಿಮ್ಮ ಕ್ಷೇತ್ರದ ಮತದಾರ,
ಒಬ್ಬ ಮಾಜಿ ಸೈನಿಕ
ಕಾರಟಗಿ ತಾಲೂಕು, ಕೊಪ್ಪಳ ಜಿಲ್ಲೆ