ಗೋಯೆನ್ ಅವರ ಕಡತವನ್ನು ಇನ್ನೊಮ್ಮೆ ತೆರೆಯಿರಿ: ಬ್ರಿಟನ್ನಿನ ರಕ್ಷಣಾ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಾನು ಬೆಂಗಳೂರಿನವಳು, ಈಗ ಇರುವುದು ಸ್ಕಾಟ್‌ಲೆಂಡಿನಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ನಮ್ಮ ಬೆಳ್ಳಂದೂರು ಕೆರೆಗೆ ಕೆಟಲಿನಾ ಎಂಬ ಹಾರುವ ದೋಣಿಗಳು, ಅಂದರೆ ನೀರಿನ ಮೇಲೆ ಇಳಿಯಬಲ್ಲ ವಿಮಾನಗಳು, ಇಳಿಯುತ್ತಿದ್ದವು. ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯವರು ಅವನ್ನು ರಿಪೇರಿ ಮಾಡಿ ಕಳಿಸುತ್ತಿದ್ದರು. ಅಜ್ಜನ ಬಾಯಲ್ಲಿ ಆ ಕತೆ ಕೇಳಿ ಬೆಳೆದವಳು ನಾನು. ಹಾಗಾಗಿ ಇಲ್ಲಿನ ಉತ್ತರ ತುದಿಯ ಕೇತ್ನೆಸ್ ಗುಡ್ಡದಲ್ಲಿ ಬಿದ್ದ ಸಂಡರ್‌ಲೆಂಡ್ ಹಾರುವ ದೋಣಿಯ ವಿಷಯ, ಅದರ ಕ್ಯಾಪ್ಟನ್ ಗೋಯೆನ್ ಅವರ ಮೇಲೆ ತಪ್ಪು ಹೊರಿಸಿದ ವಿಷಯ ತಿಳಿದ ಮೇಲೆ ಸುಮ್ನೆ ಕೂರಲು ಆಗಲಿಲ್ಲ.

1942ರ ಆಗಸ್ಟ್ 25. ಬ್ರಿಟಿಷ್ ವಾಯುಪಡೆಯ 228ನೇ ಸ್ಕ್ವಾಡ್ರನ್ನಿನ (ವಿಮಾನ ದಳದ) ಆ ವಿಮಾನ ಮಧ್ಯಾಹ್ನ ಸ್ಕಾಟ್‌ಲೆಂಡಿನ ಇನ್ವರ್‌ಗಾರ್ಡನ್ನಿನಿಂದ ಐಸ್‌ಲ್ಯಾಂಡಿಗೆ ಹೊರಟಿತು. ಒಳಗೆ 15 ಜನ. ಅವರಲ್ಲಿ ದೊರೆ ಆರನೇ ಜಾರ್ಜ್ ಅವರ ತಮ್ಮ, ಡ್ಯೂಕ್ ಆಫ್ ಕೆಂಟ್ ಕೂಡ ಒಬ್ಬರು. ಅವರ ಕೊನೆಯ ಮಗುವಿಗೆ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ವಿಮಾನ ಕಡಲ ದಂಡೆಗುಂಟ ಉತ್ತರಕ್ಕೆ ಹೋಗಿ, ನೆಲ ಮುಗಿದ ಮೇಲೆ ಎಡಕ್ಕೆ ತಿರುಗಬೇಕಿತ್ತು. ಅದು ಮೋಡದೊಳಗೆ ಒಳನಾಡಿನ ಮೇಲೆ ಹೋಯಿತು. ಹೊರಟ ಅರ್ಧ ಗಂಟೆಗೆಲ್ಲ ಈಗಲ್ಸ್ ರಾಕ್ ಹತ್ತಿರ ಗುಡ್ಡಕ್ಕೆ ಬಡಿಯಿತು. 14 ಜನ ಸತ್ತರು. ಬಾಲದಲ್ಲಿದ್ದ ಗನ್ನರ್ ಆಂಡ್ರ್ಯೂ ಜ್ಯಾಕ್ ಒಬ್ಬರೇ ಬದುಕಿದರು. ಸುಟ್ಟ ಮೈಯಲ್ಲಿ ರಾತ್ರಿಯೆಲ್ಲ ಆ ಬಯಲಲ್ಲಿ ಕಳೆದು, ಮರುದಿನ ಒಂದು ಮನೆಯ ಬಾಗಿಲಿಗೆ ಬಂದರಂತೆ.

ಅಕ್ಟೋಬರ್ 7ರಂದು ವಾಯು ಸಚಿವ ಸರ್ ಆರ್ಚಿಬಾಲ್ಡ್ ಸಿಂಕ್ಲೇರ್ ಸಂಸತ್ತಿನಲ್ಲಿ ತನಿಖೆಯ ತೀರ್ಮಾನ ಹೇಳಿದರು. ವಿಮಾನ ಬೇರೆ ದಾರಿಯಲ್ಲಿ, ತೀರಾ ಕೆಳಗೆ ಹಾರುತ್ತಿತ್ತು. ಹೊಣೆ ಕ್ಯಾಪ್ಟನ್ನರದು. ಅಂದರೆ ಆಸ್ಟ್ರೇಲಿಯಾದ ಫ್ರಾಂಕ್ ಗೋಯೆನ್ ಅವರದು. ಯಾಕೆ ದಾರಿ ತಪ್ಪಿತು ಎಂಬುದಕ್ಕೆ ಆ ಮಾತುಗಳಲ್ಲಿ ಉತ್ತರವೇ ಇಲ್ಲ. ಸ್ಕ್ವಾಡ್ರನ್ನಿನ ಕಮಾಂಡರ್ ಅದೇ ವಿಮಾನದಲ್ಲಿದ್ದರು. ಹೀಗಿರುವಾಗ ತಪ್ಪೆಲ್ಲ ಒಬ್ಬರದೇ ಅಂತ ಎರಡು ತಿಂಗಳೊಳಗೆ ಹೇಗೆ ಗೊತ್ತಾಯಿತು? ಸತ್ತವರು ಎದ್ದು ಬಂದು ಉತ್ತರ ಕೊಡುವುದಿಲ್ಲ, ಅಲ್ವಾ?

ನಿಮ್ಮ ಇಲಾಖೆಗೆ ಇದು ಹೊಸತಲ್ಲ. 1994ರಲ್ಲಿ ಸ್ಕಾಟ್‌ಲೆಂಡಿನದೇ ಮಲ್ ಆಫ್ ಕಿಂಟೈರ್‌ನಲ್ಲಿ ನಿಮ್ಮ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಬಿದ್ದು 29 ಜನ ಸತ್ತರು. ಅಲ್ಲೂ ಮಂಜು, ಅಲ್ಲೂ ಗುಡ್ಡ, ಅಲ್ಲೂ ಸತ್ತ ಪೈಲಟ್‌ಗಳ ಮೇಲೆಯೇ ತಪ್ಪು. ಎಳ್ಳಷ್ಟೂ ಸಂಶಯ ಇಲ್ಲದಿದ್ದರೆ ಮಾತ್ರ ಸತ್ತ ಪೈಲಟ್‌ನನ್ನು ದೂರಬೇಕು ಎಂಬ ನಿಯಮ ಆಗ ನಿಮ್ಮ ವಾಯುಪಡೆಯಲ್ಲೇ ಇತ್ತು. ಮನೆಯವರು 17 ವರ್ಷ ಹೋರಾಡಿದರು. 2011ರಲ್ಲಿ ಆ ತೀರ್ಪು ರದ್ದಾಯಿತು, ರಕ್ಷಣಾ ಸಚಿವರು ಸಂಸತ್ತಿನಲ್ಲಿ ಕ್ಷಮೆ ಕೇಳಿದರು.

ಅದೇ ಅಳತೆಗೋಲನ್ನು ಗೋಯೆನ್ ಅವರಿಗೂ ಹಿಡಿಯಿರಿ. ಅವರದು ತಪ್ಪೇ ಅಲ್ಲ ಎಂದು ನಾನು ಹೇಳುತ್ತಿಲ್ಲ. ಸಂಶಯ ಉಳಿದಿದೆ ಎನ್ನುತ್ತಿದ್ದೇನೆ. 1942ರ ತನಿಖೆಯ ಕಾಗದಗಳು ಇಲಾಖೆಯಲ್ಲಿದ್ದರೆ ಪೂರ್ತಿ ಜನರ ಮುಂದಿಡಿ. ಕಳೆದುಹೋಗಿದ್ದರೆ ಅದನ್ನೂ ಸಂಸತ್ತಿನಲ್ಲೇ ಹೇಳಿ.

ಈಗಲ್ಸ್ ರಾಕ್‌ಗೆ ನಾನು ಹೋಗಿದ್ದೆ. ಕಾಲು ಹೂತುಹೋಗುವ ಜೌಗಿನ ನಡುವೆ ಒಂದು ಕಲ್ಲಿನ ಶಿಲುಬೆ ನಿಂತಿದೆ. ನೀವೂ ಒಮ್ಮೆ ಅಲ್ಲಿಗೆ ಹೋಗಿ ಬನ್ನಿ.

ಇತಿ ನಮಸ್ಕಾರಗಳೊಂದಿಗೆ,
ಬೆಳ್ಳಂದೂರಿನ ಕಡೆಯ ಒಬ್ಬಳು