ದೆವ್ವಕ್ಕೆ ಕನ್ನಡ ಓದಲು ಬರುತ್ತಿತ್ತು

ನಮ್ಮ ಕನ್ನಡ ಸಂಘದ ಈ ಸುದ್ದಿಪತ್ರದ ಸಂಪಾದಕೀಯ ಈ ಸಲ ತಡವಾಯಿತು. ರಜೆಗೆ ಊರಿಗೆ ಹೋಗಿದ್ದೆ, ಮಂಡ್ಯಕ್ಕೆ. ಬರೆಯಬೇಕಿದ್ದದ್ದು ಸಂಘದ ಲೆಕ್ಕಪತ್ರ ಮತ್ತು ಕನ್ನಡ ಶಾಲೆಯ ಹೊಸ ತರಗತಿಯ ಬಗ್ಗೆ. ಅವೆರಡೂ ಒಳಪುಟದಲ್ಲಿವೆ, ದಯವಿಟ್ಟು ಓದಿ. ಇಲ್ಲಿ ಮಾತ್ರ ದೆವ್ವದ ಸಿನಿಮಾಗಳ ವಿಷಯ ಬರೆಯುತ್ತೇನೆ. ಊರಲ್ಲಿದ್ದ ಮೂರು ವಾರವೂ ನಮ್ಮ ಮನೆಯಲ್ಲಿ ಅದೇ ಮಾತು.

ಶುರುವಾದದ್ದು ಮಾವನಿಂದ. ಮಾವ ಅಂದರೆ ಅವ್ವನ ತಮ್ಮ. ಒಂದು ಸಂಜೆ ನಮ್ಮನ್ನೆಲ್ಲ ಮೈಸೂರಿಗೆ ಸಿನಿಮಾಕ್ಕೆ ಕರೆದುಕೊಂಡು ಹೋದರು. ಹೊಸ ಹಾರರ್ ಸಿನಿಮಾ, ಹೆಸರು ಬೇಡ. ತಣ್ಣನೆಯ ಏಸಿ, ಕಾಲು ಚಾಚಿ ಮಲಗುವಂಥ ಸೀಟು, ಊಟದ ರೇಟಿಗೆ ಪಾಪ್‌ಕಾರ್ನ್. ಟೈಟಲ್ ಮುಗಿದು ಹತ್ತು ನಿಮಿಷ ಆಗಿಲ್ಲ, ದೆವ್ವ ಬಂದೇಬಿಟ್ಟಿತು. ಮುಖದ ತುಂಬ ಕೂದಲು, ಬಾಯಿ ತುಂಬ ರಕ್ತ, ಜೊತೆಗೆ ಕಿವಿ ಹರಿಯುವ ಹಾಗೆ ಒಂದು ‘ಢಂ’. ಬೆಚ್ಚಿಬಿದ್ದೆವು, ಸುಳ್ಳು ಹೇಳಬಾರದು. ಸ್ವಲ್ಪ ಹೊತ್ತಿಗೆ ಮತ್ತೆ ‘ಢಂ’. ಐದನೇ ಸಲದ ಹೊತ್ತಿಗೆ ಮುಂದಿನ ಸಾಲಿನ ಹುಡುಗರು “ಈಗ ಬತ್ತದೆ ನೋಡ್ಲಾ” ಅಂತ ಮೊದಲೇ ಹೇಳುತ್ತಿದ್ದರು. ಹೇಳಿದ ಹಾಗೇ ಬಂತು. ಹಾಲ್ ಪೂರ್ತಿ ನಕ್ಕಿತು. ಹೊರಗೆ ಬಂದ ಮೇಲೆ ಮಾವ ಬಾಯಿ ಬಿಟ್ಟರು: “ಅದೇನ್ ದೆವ್ವನೋ ಕಾಣೆ ಕಣಪ್ಪ. ಸಂತೆಗ್ ಬಂದಂಗೆ ಬತ್ತದೆ, ಓಯ್ತದೆ.”

ಬೆಚ್ಚುವುದು ಬೇರೆ, ಹೆದರುವುದು ಬೇರೆ. ಕುಕ್ಕರ್ ಕೂಗಿದರೂ ನಾನು ಬೆಚ್ಚುತ್ತೇನೆ. ಹಾಗಂತ ಕುಕ್ಕರಿಗೆ ಹೆದರಿ ರಾತ್ರಿ ನಿದ್ದೆ ಬಿಟ್ಟವನಲ್ಲ.

ನಿದ್ದೆ ಬಿಟ್ಟ ಕತೆ ಮಾವನ ಹತ್ತಿರ ಇದೆ. 1979ರಲ್ಲಿ ‘ನಾ ನಿನ್ನ ಬಿಡಲಾರೆ’ ಬಂದಾಗ ಅವರಿಗೆ ಇನ್ನೂ ಮೀಸೆ ಚಿಗುರುತ್ತಿದ್ದ ವಯಸ್ಸು. ಮಂಡ್ಯದಲ್ಲಿ ಸೆಕೆಂಡ್ ಶೋ ನೋಡಿ, ಗೆಳೆಯನ ಜೊತೆ ಒಂದೇ ಸೈಕಲ್ಲಿನಲ್ಲಿ ಊರಿಗೆ ಹೊರಟರಂತೆ. ವಿ.ಸಿ. ನಾಲೆಯ ಏರಿ ಮೇಲೆ ದಾರಿ. ಒಂದು ಕಡೆ ಕಪ್ಪಗೆ ಹರಿಯುವ ನೀರು, ಇನ್ನೊಂದು ಕಡೆ ಆಳೆತ್ತರದ ಕಬ್ಬು. ಗಾಳಿಗೆ ಸೋಗೆ ಸರಸರ ಅನ್ನುತ್ತದೆ. ಯಾರೋ ಗದ್ದೆಯೊಳಗೆ ಜೊತೆಜೊತೆಗೇ ನಡೆದು ಬರುತ್ತಿರುವ ಹಾಗೆ. ಇಬ್ಬರೂ ಗಂಟಲು ಹರಿಯುವ ಹಾಗೆ ರಾಜ್‌ಕುಮಾರ್ ಹಾಡು ಹೇಳಿಕೊಂಡು ಸೈಕಲ್ ತುಳಿದರಂತೆ. ಹುಣಸೆ ಮರ ದಾಟುವಾಗ ಹಾಡು ನಿಂತಿತು. ಹಿಂದೆ ಕೂತಿದ್ದ ಗೆಳೆಯ ಮಾತಾಡುತ್ತಿಲ್ಲ. ತಿರುಗಿ ನೋಡುವ ಧೈರ್ಯ ಮಾವನಿಗಿಲ್ಲ. ಹಿಂದೆ ಕೂತಿರುವುದು ಗೆಳೆಯನೋ ಇನ್ನೇನೋ! ಮನೆ ಮುಟ್ಟುವ ತನಕ ತಿರುಗಲಿಲ್ಲ ಅನ್ನುತ್ತಾರೆ.

ಆ ಸಿನಿಮಾದ ಗುಟ್ಟು ಅಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ. ದೆವ್ವ ಹಿಡಿಯುವುದು ಅನಂತನಾಗ್‌ಗೆ. ಪಕ್ಕದ ಮನೆಯ ಒಳ್ಳೆಯ ಹುಡುಗನ ಮುಖ ಅದು. ಹೆಂಡತಿಯಾಗಿ ಲಕ್ಷ್ಮಿ. ನಮ್ಮ ಮೈಸೂರಿನ ಅಣ್ಣತಮ್ಮಂದಿರು ರಾಜನ್-ನಾಗೇಂದ್ರರ ಇಂಪಾದ ಹಾಡುಗಳು. ಇವರು ಚೆನ್ನಾಗಿರಲಪ್ಪಾ ಅಂತ ನಮಗೇ ಅನ್ನಿಸುವಷ್ಟು ಹೊತ್ತು ಅವರ ಸಂಸಾರ ತೋರಿಸುತ್ತಾರೆ. ಆಮೇಲೆ ಅದೇ ಮುಖ, ಅದೇ ಕಣ್ಣು, ಆದರೆ ನೋಟ ಬೇರೆ. ಮೇಕಪ್ಪಿನ ದೆವ್ವವನ್ನು ಹಾಲಿನಲ್ಲೇ ಬಿಟ್ಟು ಬರಬಹುದು. ನಮ್ಮವರ ಮುಖದ ದೆವ್ವ ಸೈಕಲ್ ಹಿಂದೆ ಕೂತು ಮನೆಗೇ ಬರುತ್ತದೆ.

ನಾನು ಆ ಸಿನಿಮಾ ನೋಡಿದ್ದು ಟಿವಿಯಲ್ಲಿ, ದೂರದರ್ಶನದ ಭಾನುವಾರದ ಕನ್ನಡ ಚಿತ್ರ. ಬೀದಿಯ ಅರ್ಧ ಜನ ನಮ್ಮ ಪಡಸಾಲೆಯಲ್ಲಿ. ಸರಿಯಾದ ಜಾಗಕ್ಕೆ ಬಂದಾಗ ಕರೆಂಟ್ ಹೋಯಿತು. ಕತ್ತಲಲ್ಲಿ ಇಪ್ಪತ್ತು ಜನ ಉಸಿರು ಬಿಗಿಹಿಡಿದು ಕೂತಿದ್ದೆವು. ಅಷ್ಟು ಒಳ್ಳೆಯ ಎಫೆಕ್ಟ್ ಇವತ್ತಿನವರೆಗೆ ಯಾವ ಡೈರೆಕ್ಟರೂ ಕೊಟ್ಟಿಲ್ಲ.

ಇದನ್ನೆಲ್ಲ ಹೇಳುತ್ತಿರುವಾಗ ಅವ್ವ ಸೊಪ್ಪು ಬಿಡಿಸುತ್ತಾ ‘ನಾಳೆ ಬಾ’ ಕತೆ ತೆಗೆದರು. ನಮ್ಮಲ್ಲಿ ನಲವತ್ತು ದಾಟಿದವರಿಗೆ ಅದನ್ನು ಹೇಳಬೇಕಿಲ್ಲ. ಚಿಕ್ಕವರಿಗಾಗಿ ಹೇಳುತ್ತೇನೆ. 1990ರ ದಶಕದಲ್ಲಿ ಬೆಂಗಳೂರಿನಿಂದ ಹಿಡಿದು ಹಳ್ಳಿಗಳವರೆಗೆ ಒಂದು ಗಾಳಿಸುದ್ದಿ ಹಬ್ಬಿತ್ತು. ರಾತ್ರಿ ಒಂದು ದೆವ್ವ ಬಂದು ಬಾಗಿಲು ಬಡಿಯುತ್ತದೆ. ಮನೆಯವರ ದನಿಯಲ್ಲೇ ಕೂಗುತ್ತದೆ. ಬಾಗಿಲು ತೆಗೆದರೆ ಮುಗಿಯಿತು. ಅದಕ್ಕೆ ಜನ ಕಂಡುಕೊಂಡ ಉಪಾಯ, ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯುವುದು. ದೆವ್ವ ಓದಿಕೊಂಡು ವಾಪಸ್ ಹೋಗುತ್ತದೆ. ಮಾರನೇ ದಿನ ಬಂದರೆ ಮತ್ತೆ ಅದೇ ಬರಹ. 2018ರಲ್ಲಿ ಹಿಂದಿಯ ‘ಸ್ತ್ರೀ’ ಸಿನಿಮಾದಲ್ಲಿ ಇಂಥದೇ ಬರಹ ಕಂಡು ದೇಶವೆಲ್ಲ ನಕ್ಕಿತಲ್ಲ, ನಮಗೆ ಅದು ಹಳೇ ಸಾಮಾನು.

ನಮ್ಮ ಬೀದಿಯಲ್ಲಿ ಅಕ್ಷರ ದುಂಡಗಿದ್ದದ್ದು ನನ್ನದೇ. ಹಾಗಾಗಿ ಸೀಮೆಸುಣ್ಣ ಹಿಡಿದು ಒಂಬತ್ತು ಮನೆ ಬಾಗಿಲಿಗೆ ನಾನೇ ಬರೆದೆ. ಊರಿಗೆ ಊರೇ ನನ್ನ ಬರಹ ಓದಿದ್ದು ಅದೊಂದೇ ಸಲ. ಈ ಸುದ್ದಿಪತ್ರಕ್ಕೂ ಆ ಭಾಗ್ಯ ಬಂದಿಲ್ಲ. ಒಂದು ಮನೆಯವರು ತಾವೇ ಬರೆದುಕೊಳ್ಳಲು ಹೋಗಿ ‘ನಾಳೆ ಬ’ ಅಂತ ಬರೆದಿದ್ದರು. ದೀರ್ಘ ಇಲ್ಲ. ದೆವ್ವಕ್ಕೆ ಅರ್ಥ ಆಗುತ್ತೋ ಇಲ್ಲವೋ ಅಂತ ಜಗಲಿಯ ಮೇಲೆ ದೊಡ್ಡ ಚರ್ಚೆ ನಡೆದು, ಕತ್ತಲಾಗುವ ಮುಂಚೆ ನನ್ನನ್ನು ಕರೆಸಿ ತಿದ್ದಿಸಿದರು.

ನನ್ನ ಮಗಳು ಎಲ್ಲವನ್ನೂ ಕೇಳಿಸಿಕೊಂಡು ಅವ್ವನನ್ನು ಒಂದೇ ಪ್ರಶ್ನೆ ಕೇಳಿದಳು: “ಅಜ್ಜಿ, ದೆವ್ವಕ್ಕೆ ಕನ್ನಡ ಓದಕ್ಕೆ ಬರ್ತಿತ್ತಾ?” ಅವ್ವ ತಲೆ ಎತ್ತದೆ, “ಬತ್ತಿತ್ತು ಕಣವ್ವ. ನಿಂಗೆ ಬತ್ತದಾ?” ಅಂದರು. ಕನ್ನಡ ಶಾಲೆಯ ಟೀಚರುಗಳ ಗಮನಕ್ಕೆ.

ಆ ರಾತ್ರಿ ಮಲಗಿ ಯೋಚಿಸಿದೆ. ಒಳ್ಳೆಯ ಥ್ರಿಲ್ಲರ್ ಮಾಡುವವನು ನಮ್ಮ ಬೀದಿಯ ಜನ ಮಾಡಿದ್ದನ್ನೇ ಮಾಡುತ್ತಾನೆ, ಅಲ್ವಾ? ದೆವ್ವ ಹೊಸ್ತಿಲಲ್ಲಿ ನಿಂತಿದೆ. ಬಡಿಯುವ ಸದ್ದು ಕೇಳುತ್ತಿದೆ. ಆದರೆ ಅವನು ನಾಳೆ ಬಾ, ನಾಳೆ ಬಾ ಅಂತ ತಡೆದು ನಿಲ್ಲಿಸುತ್ತಾನೆ. 1975ರ ‘ಜಾಸ್’ ಚಿತ್ರದಲ್ಲಿ ಶಾರ್ಕ್ ಪೂರ್ತಿಯಾಗಿ ಕಣ್ಣಿಗೆ ಬೀಳುವುದು ಒಂದು ಗಂಟೆ ದಾಟಿದ ಮೇಲೆ. ಸ್ಪೀಲ್‌ಬರ್ಗ್ ಬೇಕಂತಲೇ ಮಾಡಿದ್ದೂ ಅಲ್ಲ. ಯಂತ್ರದ ಶಾರ್ಕ್ ಉಪ್ಪುನೀರಿಗೆ ಇಳಿದರೆ ಸಾಕು, ಕೆಟ್ಟು ನಿಲ್ಲುತ್ತಿತ್ತು. ಬೇರೆ ದಾರಿ ಇಲ್ಲದೆ ಎರಡೇ ಸ್ವರದ ಸಂಗೀತ, ಮೇಲೆ ತೇಲುವ ಪೀಪಾಯಿ, ಇಷ್ಟರಲ್ಲೇ ಕೆಲಸ ತೆಗೆದರು. ನಮ್ಮ ಕರೆಂಟ್ ಹೋದ ಹಾಗೆ.

‘ಆಪ್ತಮಿತ್ರ’ನನ್ನೇ ತೆಗೆದುಕೊಳ್ಳಿ. 2004ರಲ್ಲಿ ಅದು ಬಂದದ್ದು ಅದರ ನಾಯಕಿ ಸೌಂದರ್ಯ ತೀರಿಕೊಂಡ ನಾಲ್ಕು ತಿಂಗಳಿಗೆ. ಹಾಲಿನಲ್ಲಿ ಕೂತವರಿಗೆ ಆ ಸಂಕಟವೂ ಇತ್ತು. ಮಲಯಾಳದ ಕತೆ ಅನ್ನುವುದು ಗೊತ್ತಿದ್ದೂ ಮೈಸೂರು-ಮಂಡ್ಯದವರು ಅದರಲ್ಲಿ ದೆವ್ವವಾಗಿ ಬರುವ ನಾಗವಲ್ಲಿಯನ್ನು ನಮ್ಮವಳು ಅಂದುಕೊಂಡೆವು. ವಿಷ್ಣುವರ್ಧನ್ ಮೈಸೂರಿನವರು ಅನ್ನುವ ಅಭಿಮಾನ ಬೇರೆ. ಅಲ್ಲಿ ನಮ್ಮನ್ನು ಹಿಡಿದು ಕೂರಿಸುವುದು ಒಂದು ಮುಚ್ಚಿದ ಬಾಗಿಲು. ತೆಗೆಯಬಾರದು ಅಂದಿದ್ದಾರೆ, ಅಷ್ಟೇ. ‘ರಾ ರಾ’ ಹಾಡಿನ ಅಬ್ಬರಕ್ಕಿಂತ ಆ ಬಾಗಿಲೇ ನನಗೆ ಜಾಸ್ತಿ ಭಯ ತಂದದ್ದು. ಮಾವ ಇದನ್ನು ಒಪ್ಪುವುದಿಲ್ಲ.

ಸುನೀಲ್ ಕುಮಾರ್ ದೇಸಾಯಿ 1989ರಲ್ಲಿ ‘ತರ್ಕ’ ಮಾಡಿದಾಗ ಹಾಡೇ ಇಡಲಿಲ್ಲ. ಆ ಕಾಲಕ್ಕೆ ಅದು ಊಟದಲ್ಲಿ ಉಪ್ಪು ಬಿಟ್ಟ ಹಾಗೆ. ಆದರೂ ಶಂಕರ್‌ನಾಗ್ ಮತ್ತು ದೇವರಾಜ್ ಎದುರುಬದುರು ನಿಂತರೆ ಯಾರಿಗೂ ಹಾಡಿನ ನೆನಪಾಗುವುದಿಲ್ಲ. ಕೊನೆ ಹೇಳುವುದಿಲ್ಲ. ಹಾಗೆ ಹೇಳಿಬಿಡುವವರು ನಮ್ಮ ಸಂಘದಲ್ಲೇ ಒಬ್ಬರಿದ್ದಾರೆ, ಅವರಿಗೆ ಗೊತ್ತು.

ಹೊರಡುವ ಮುಂಚಿನ ಭಾನುವಾರ ತಲಕಾಡಿಗೆ ಹೋಗಿದ್ದೆವು. ಬಿಸಿಲಿಗೆ ಮರಳು ಕಾಲು ಸುಡುತ್ತಿತ್ತು. ಎಷ್ಟೋ ವರ್ಷ ಮರಳಲ್ಲಿ ಹೂತಿದ್ದ ಗುಡಿಗಳು ಈಗ ಅಗೆದು ತೆಗೆದ ಹಳ್ಳದೊಳಗೆ ನಿಂತಿವೆ. ಅಲ್ಲಿ ಮಗಳಿಗೆ ಮಾವ ಅಲಮೇಲಮ್ಮನ ಕತೆ ಹೇಳಿದರು. ಶ್ರೀರಂಗಪಟ್ಟಣ ಆಳುತ್ತಿದ್ದ ವಿಜಯನಗರದ ಪ್ರತಿನಿಧಿಯ ಹೆಂಡತಿ ಅವಳು. 1610ರಲ್ಲಿ ಮೈಸೂರಿನ ರಾಜ ಒಡೆಯರು ಶ್ರೀರಂಗಪಟ್ಟಣ ತೆಗೆದುಕೊಂಡದ್ದು, ಅವಳ ಒಡವೆಗಾಗಿ ಜನ ಕಳಿಸಿದ್ದು, ಅವಳು ಶಾಪ ಹಾಕಿ ಮಾಲಂಗಿಯಲ್ಲಿ ಕಾವೇರಿಗೆ ಹಾರಿದ್ದು. “ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ.” ಮಾವ ಇದನ್ನು ದನಿ ಏರಿಸದೆ, ಮೆಲ್ಲಗೆ, ಕಡಲೆಕಾಯಿ ಸುಲಿಯುತ್ತಾ ಹೇಳಿದರು. ಯಾವ ದೆವ್ವವೂ ಬರಲಿಲ್ಲ, ಯಾರೂ ಕೂಗಲಿಲ್ಲ. ಮಗಳು ಮಾತ್ರ ನಿಂತಲ್ಲೇ ನಿಂತು ತನ್ನ ಕಾಲ ಕೆಳಗಿನ ಮರಳು ನೋಡಿದಳು. ಇದು ಶಾಪವಲ್ಲ, ನದಿ ತಂದು ಹಾಕಿದ ಮರಳನ್ನು ಗಾಳಿ ಗುಡ್ಡೆ ಹಾಕಿದ್ದು ಅಂತ ನಾನು ವಿವರಿಸಲು ಹೋದೆ. “ಪಪ್ಪ, ಸುಮ್ನಿರಿ” ಅಂದಳು.

ಇನ್ನು ವಿಷಯಕ್ಕೆ ಬರುತ್ತೇನೆ. ಮುಂದಿನ ತಿಂಗಳ ಸಿನಿಮಾ ಸಂಜೆಗೆ ಹಳೆಯ ಕನ್ನಡ ಹಾರರ್ ಒಂದನ್ನು ಹಾಕೋಣ ಅಂತ ಕಮಿಟಿಯಲ್ಲಿ ಒಪ್ಪಿಸಿದ್ದೇನೆ. ಹಾಲ್ ಪೂರ್ತಿ ಕತ್ತಲಾಗುವುದಿಲ್ಲ. ಬಾಗಿಲ ಮೇಲಿನ ಹಸಿರು ದೀಪ ಆರಿಸಬಾರದು ಅನ್ನುವುದು ಇಲ್ಲಿನ ಕಾನೂನು. ಆರು ವರ್ಷದ ಒಳಗಿನ ಮಕ್ಕಳಿಗೆ ಪಕ್ಕದ ಕೋಣೆಯಲ್ಲಿ ಬಣ್ಣ, ಕಾಗದ ಇರುತ್ತದೆ. ಇಲ್ಲಿನ ಥಿಯೇಟರುಗಳಲ್ಲಿ ಇಂಟರ್‌ವಲ್ ಇಲ್ಲ ಅಂತ ನಾವೂ ಬಿಡುವುದು ಬೇಡ. ಬೋಂಡಾ, ಕಾಫಿ ಮಾಡುವವರು ಹೆಸರು ಕೊಡಿ. ಇಂಟರ್‌ವಲ್ ಎಲ್ಲಿ ಕೊಡಬೇಕು ಅನ್ನುವುದನ್ನು ಮಾತ್ರ ನನಗೆ ಬಿಡಿ. ಬಾಗಿಲು ಬಡಿದ ಸದ್ದು ಕೇಳಿದ ಮೇಲೆ, ತೆಗೆಯುವುದಕ್ಕೆ ಮುಂಚೆ.